ಬ್ರೇಕಕ್ಕನ ಮೂಗಿಗೆ ತಕ್ಕ ಗಾಳಿ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಅಂತಲೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದವಳು. ಸ್ಟಿಯರಿಂಗನ್ನು ಉಡದ ಹಾಗೆ ಹಿಡಿದು ಕೂತವರಿಗೆ "ಕಾರು ತಾನಾಗಿ ಓಡಿಹೋಗಲ್ಲ ಕಣಮ್ಮ, ನೀನೇ ಓಡಿಸಬೇಕು" ಅನ್ನುವಳು. ಬೈದರೂ ನಗಿಸಿ ಬೈಯುತ್ತಾಳೆ ಅಂತ ಅವಳಿಗೆ ಹೆಸರಿತ್ತು.

ಅಂಥವಳಿಗೆ ಕೆಲವು ವರ್ಷಗಳಿಂದ ಹಗಲೆಲ್ಲ ತೂಕಡಿಕೆ. ಬೆಳಿಗ್ಗೆ ಎದ್ದರೆ ತಲೆ ಕಲ್ಲಿನ ಭಾರ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ಮಲಗಿದ್ದೇನೋ ನಿಜ, ಆದರೆ ಮೂಟೆ ಹೊತ್ತು ಬಂದವಳ ಹಾಗೆ ಏಳುವಳು. ಅತ್ತೆ ಬದುಕಿದ್ದಷ್ಟು ಕಾಲ ಸೋಮಾರಿ ಅಂದರು. ನಾದಿನಿ ಕುಂಭಕರ್ಣನ ತಂಗಿ ಅಂದಳು. "ಅವನ ತಂಗಿ ಶೂರ್ಪನಖಿ ಕಣೇ, ನನ್ನ ಮೂಗು ಇನ್ನೂ ನೆಟ್ಟಗಿದೆ ನೋಡು" ಅಂತ ಬ್ರೇಕಕ್ಕ ತಿರುಗಿ ನಗಿಸಿದಳು. ಮಗಳು ಮಾತ್ರ ನಗಲಿಲ್ಲ. ಶಾಲೆಯ ನಾಟಕದಲ್ಲಿ ಅವಳು ಮಾತು ಒಪ್ಪಿಸುತ್ತಿದ್ದಾಗ ಮುಂದಿನ ಸಾಲಿನಲ್ಲಿ ಅಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ತೋರಿಸದೆ ಇದ್ದಿದ್ದಲ್ಲ. ಒಬ್ಬ ಡಾಕ್ಟರು ತೂಕ ಇಳಿಸಿ ಅಂದರು. ಇನ್ನೊಬ್ಬರು ಮುಟ್ಟು ನಿಲ್ಲುವ ವಯಸ್ಸು, ಎಲ್ಲರಿಗೂ ಇದ್ದದ್ದೇ ಅಂದರು. ಮತ್ತೊಬ್ಬರು ಟೆನ್ಷನ್ನು ಅಂತ ನಿದ್ದೆ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದ ಮೇಲೆ ಬೆಳಗುಗಳು ಇನ್ನೂ ಕೆಟ್ಟವು. ಅವಳ ಗಂಡ ಕೊಳಾಯಿ ರಿಪೇರಿಯವನು. "ಪೈಪಿನಲ್ಲಿ ಗಾಳಿ ಸಿಕ್ಕಿಹಾಕ್ಕೊಂಡ ಹಾಗೆ ಗೊರಗೊರ ಅಂತೀಯ. ಆಮೇಲೆ ಉಸಿರು ಪೂರ್ತಿ ನಿಂತುಹೋಗುತ್ತೆ. ನಾನು ಹೆದರಿ ಭುಜ ಅಲ್ಲಾಡಿಸ್ತೀನಿ, ಆಗ ದೊಡ್ಡದಾಗಿ ಎಳ್ಕೊತೀಯ" ಅಂತ ಅವನು ಹೇಳುತ್ತಲೇ ಇದ್ದ. ಮನೆಯಲ್ಲಿ ನಿದ್ದೆಯಲ್ಲಿ ಏನಾಗುತ್ತೆ ಅಂತ ಅವನನ್ನು ಕೇಳಿದ ಡಾಕ್ಟರು ಒಬ್ಬರೂ ಇಲ್ಲ.

ಒಂದು ಬೆಳಿಗ್ಗೆ ಬ್ಯಾಂಕಿನ ಗುಮಾಸ್ತೆಯೊಬ್ಬಳಿಗೆ ಕಲಿಸುತ್ತ ಹೋಗುತ್ತಿದ್ದಾಗ ಆಗಬಾರದ್ದು ಆಯಿತು. ತಿರುವಿನಲ್ಲಿ ಗುಮಾಸ್ತೆ ಗಾಬರಿಯಾಗಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದಳು. ಕಾರು ಫುಟ್‌ಪಾತ್ ಹತ್ತಿ, ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬ್ರೇಕಕ್ಕನಿಗೆ ಎಚ್ಚರವಾಗಿದ್ದು ಆ ಕುಲುಕಿಗೆ.

"ಅಕ್ಕಾ, ನೀವ್ಯಾಕೆ ಬ್ರೇಕ್ ಹಿಡೀಲಿಲ್ಲ?" ಅಂತ ಗುಮಾಸ್ತೆ ಕೇಳಿದಳು.

ತನಗೆ ಕಣ್ಣು ಹತ್ತಿತ್ತು ಅಂತ ಬ್ರೇಕಕ್ಕ ಸ್ಕೂಲಿಗೆ ಬಂದು ತಾನೇ ಹೇಳಿದಳು. ಸ್ಕೂಲಿನ ಮಾಲೀಕರು ಬೈಯಲಿಲ್ಲ. "ಸ್ವಲ್ಪ ದಿನ ಆಫೀಸಲ್ಲಿ ಫೋನ್ ನೋಡ್ಕೊಳ್ಳಿ" ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆ ವಾರವೇ ಗಂಡ ಅವಳನ್ನು ದೊಡ್ಡ ಆಸ್ಪತ್ರೆಗೆ, ನಿದ್ದೆಯ ಕಾಯಿಲೆ ನೋಡುವ ತಜ್ಞರ ಹತ್ತಿರ ಕರೆದುಕೊಂಡು ಹೋದ. ಇಬ್ಬರೂ ಕೂತರು. ತಜ್ಞರು ಅವಳ ಕಡೆ ನೋಡಲೂ ಇಲ್ಲ. ಗಂಡನತ್ತ ತಿರುಗಿ "ಎಷ್ಟು ದಿನದಿಂದ ಗೊರಕೆ ನಿಮಗೆ?" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು.

"ಗೊರಕೆ ನಂದು ಸಾರ್," ಅಂದಳು ಬ್ರೇಕಕ್ಕ. "ಹೆಂಗಸರೂ ಹೊಡೀತಾರೆ."

ಅಂತೂ ಪರೀಕ್ಷೆಯಾಯಿತು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆ, ಇದಕ್ಕೆ ಸ್ಲೀಪ್ ಆಪ್ನಿಯಾ ಅಂತಾರೆ, ರಾತ್ರಿ ಗಾಳಿ ಊದುವ ಮಷೀನು ಹಾಕಿಕೊಂಡು ಮಲಗಬೇಕು ಅಂದರು. ಆಟೋದಲ್ಲಿ ಬರುವಾಗ ಬ್ರೇಕಕ್ಕ ಅತ್ತಳು. ಹೆದರಿಕೆಗಲ್ಲ. ತಾನು ಸೋಮಾರಿಯಲ್ಲ, ತನಗೊಂದು ಕಾಯಿಲೆ ಇದೆ ಅಂತ ಕೊನೆಗೂ ಒಬ್ಬರು ಹೇಳಿದರಲ್ಲ ಅಂತ.

ಮಷೀನು ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲೇ ಸಿಕ್ಕಿತು. ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಮಾಸ್ಕು ತೋರಿಸಿ, ಒಂದು ಗುಂಡಿ ಒತ್ತಿ "ಆಟೋಮ್ಯಾಟಿಕ್ ಮೇಡಂ, ಎಲ್ಲ ಅದೇ ನೋಡ್ಕೊಳ್ಳುತ್ತೆ" ಅಂದ. ಅವಳ ಮುಖವನ್ನು ಅಳೆಯಲಿಲ್ಲ. ಊರಿನ ತಲೆಗೆಲ್ಲ ಒಂದೇ ಟೋಪಿ.

ಮಾಸ್ಕು ಅವಳ ಮುಖಕ್ಕಿಂತ ದೊಡ್ಡದು. ಪಟ್ಟಿ ಸಡಿಲ ಬಿಟ್ಟರೆ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಬಿಗಿ ಮಾಡಿದರೆ ಮೂಗಿನ ದಿಂಡು ಕೆತ್ತಿ ಗಾಯವಾಯಿತು. ಮಲಗಿದ ಸ್ವಲ್ಪ ಹೊತ್ತಿಗೇ ಮಷೀನು ತಲೆಕೆಟ್ಟವರ ಹಾಗೆ ಊದಲು ಶುರುಮಾಡುತ್ತಿತ್ತು. ಬೆಳಿಗ್ಗೆ ಹೊಟ್ಟೆ ಉಬ್ಬಿ ತಮಟೆಯಾಗಿರುತ್ತಿತ್ತು. ಅರೆನಿದ್ದೆಯಲ್ಲಿ ತನಗೇ ಗೊತ್ತಿಲ್ಲದೆ ಮಾಸ್ಕು ಕಿತ್ತೆಸೆಯುವಳು. ಮೂಗಿನ ಮೇಲಿನ ಪ್ಲಾಸ್ಟರು ನೋಡಿ ನಾದಿನಿ "ಆಯ್ತಲ್ಲ ಶೂರ್ಪನಖಿ" ಅಂದಾಗ ಮೊದಲ ಸಲ ಬ್ರೇಕಕ್ಕ ನಗಲಿಲ್ಲ.

ಅಂಗಡಿಗೆ ಹೋದಳು. "ಅಭ್ಯಾಸ ಆಗುತ್ತೆ ಮೇಡಂ" ಅಂದ. ಮತ್ತೆ ಹೋದಳು. "ಲೇಡೀಸ್ ಬೇಗ ಬಿಟ್ಟುಬಿಡ್ತಾರೆ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದ. ಮೈ ಉರಿದುಹೋಯಿತು. ಮೇಲಿನ ಮಹಡಿಗೆ ತಜ್ಞರ ಹತ್ತಿರ ಹೋದರೆ ಅವರು ಮಷೀನು ಕಳಿಸಿದ ಲೆಕ್ಕ ನೋಡುತ್ತ, ಕಂಪ್ಯೂಟರಿನಿಂದ ಕಣ್ಣು ಕೀಳದೆ "ನೀವು ಮಷೀನ್ ಉಪಯೋಗಿಸ್ತಾನೇ ಇಲ್ಲವಲ್ಲ" ಅಂದರು.

"ಮಾಸ್ಕ್ ಕೂರ್ತಾ ಇಲ್ಲ ಸಾರ್. ಗಾಳಿ ಜಾಸ್ತಿ ಬರ್ತಿದೆ."

"ಎಲ್ಲರೂ ಇದನ್ನೇ ಹಾಕ್ಕೋತಾರಮ್ಮ."

"ಸಾರ್, ನನ್ನ ಹತ್ತಿರ ಕಲಿಯೋಕೆ ಬರೋರಿಗೆ ಕ್ಲಚ್ಚಿಗೆ ಕಾಲು ಎಟುಕದೆ ಇದ್ದರೆ ಸೀಟು ಮುಂದೆ ಮಾಡ್ತೀನಿ. ಕಾಲು ಉದ್ದ ಮಾಡ್ಕೊಂಡು ಬಾ ಅನ್ನಲ್ಲ."

"ಇದು ಕಾರಲ್ಲ" ಅಂದ ತಜ್ಞರು, ಅವಳ ಎದುರೇ 'ರೋಗಿ ಸಹಕರಿಸುತ್ತಿಲ್ಲ' ಅಂತ ಫೈಲಿನಲ್ಲಿ ಬರೆದು, ಮುಂದಿನವರನ್ನು ಕರೆದರು.

ಗಂಡ ಯಾರ ಮೇಲೂ ದನಿ ಏರಿಸಿದವನಲ್ಲ. ಆ ದಿನ ಕಾರಿಡಾರಿನಲ್ಲೇ ನಿಂತು "ಸಹಕರಿಸಬೇಕಾಗಿರೋದು ಯಾರು?" ಅಂತ ಮುಚ್ಚಿದ ಬಾಗಿಲಿಗೆ ಕೇಳಿದ. ಮರುದಿನ ಕೆಲಸ ಬಿಟ್ಟು ಅವರಿವರನ್ನು ವಿಚಾರಿಸಿ, ಊರಾಚೆಯ ಇನ್ನೊಂದು ಆಸ್ಪತ್ರೆ ಹುಡುಕಿದ.

ಅಲ್ಲಿ ಡಾಕ್ಟರು ಪೂರ್ತಿ ಕಥೆ ಕೇಳಿ, ಟೆಕ್ನಿಷಿಯನ್ ಹೆಂಗಸೊಬ್ಬಳ ಜೊತೆ ಕೂರಿಸಿದರು. ಆಕೆಯ ಮಾತು ಒರಟು, ಕೈ ಮೆದು. ಅವಳು ಮೊದಲು ಮಾಡಿದ ಕೆಲಸವೇ ಅಳತೆಪಟ್ಟಿ ತಂದು ಬ್ರೇಕಕ್ಕನ ಮೂಗು ಅಳೆದಿದ್ದು.

"ಮೂಗು ಕಟ್ಟುತ್ತಾ? ಬಾಯಲ್ಲಿ ಉಸಿರಾಡ್ತೀರಾ? ಮಗ್ಗುಲಾಗಿ ಮಲಗ್ತೀರಾ, ಅಂಗಾತನಾ?" ಅಂತ ಒಂದೊಂದೇ ಕೇಳಿದಳು. ಆಮೇಲೆ ಮಷೀನಿನ ಪರದೆ ನೋಡಿ ತಲೆ ಚಚ್ಚಿಕೊಂಡಳು. "ಕಂಪನಿಯಿಂದ ಬಂದ ಹಾಗೇ ಇದೆಯಲ್ರೀ. ನಿಮಗೆ ಅಂತ ಯಾರೂ ಏನೂ ಹೊಂದಿಸೇ ಇಲ್ಲ. ಮಾಸ್ಕ್ ಸೋರುತ್ತೆ, ನಿಮ್ಮ ಉಸಿರಿನ ಲೆಕ್ಕ ಮಷೀನಿಗೆ ತಪ್ಪುತ್ತೆ, ಇನ್ನೂ ಜೋರಾಗಿ ಊದುತ್ತೆ. ಜೋರಾಗಿ ಊದಿದರೆ ಇನ್ನೂ ಸೋರುತ್ತೆ."

"ಅಂದ್ರೆ ತಪ್ಪು ನಂದಲ್ಲ."

"ನಿಮ್ಮದು ಹೇಗಾಗುತ್ತೆ?"

ಒಂದು ರಾತ್ರಿ ಅಲ್ಲೇ ಮಲಗಿಸಿ, ಉಸಿರು ನಿಲ್ಲದ ಹಾಗೆ ಎಷ್ಟು ಒತ್ತಡ ಸಾಕು ಅಂತ ನೋಡಿದರು. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಪುಟ್ಟ ಮಾಸ್ಕು ಕೊಟ್ಟರು. ಡಾಕ್ಟರು ಹೇಳಿದ ಒತ್ತಡಕ್ಕೆ ಮಷೀನು ಹೊಂದಿಸಿ, ನಿದ್ದೆ ಹತ್ತುವ ತನಕ ಗಾಳಿ ಮೆಲ್ಲಗೆ ಬರುವ ಹಾಗೆ ಮಾಡಿದರು. ಒಣಗಬಾರದು ಅಂತ ನೀರಿನ ಡಬ್ಬಿಯನ್ನೂ ಜೋಡಿಸಿದರು. ಅದರಿಂದ ಪವಾಡವೇನೂ ಆಗಲಿಲ್ಲ. ಮೊದಲ ವಾರ ಕೊಳವೆ ಕುತ್ತಿಗೆಗೆ ಸುತ್ತಿಕೊಂಡಿತು, ಬೇಸರವಾಯಿತು, ಮತ್ತೆ ಹೋಗಿ ಪಟ್ಟಿ ಬದಲಿಸಿಕೊಂಡು ಬಂದಳು. ಅವರು ಅಭ್ಯಾಸ ಆಗುತ್ತೆ ಅನ್ನಲಿಲ್ಲ, ಬದಲಿಸಿಕೊಟ್ಟರು.

ಆಮೇಲೆ ಒಂದು ಬೆಳಿಗ್ಗೆ ಎದ್ದಾಗ ತಲೆ ಹಗುರವಾಗಿತ್ತು. ಹಾಸಿಗೆಯಲ್ಲೇ ಕೂತು ಕೈಕಾಲು ಮುಟ್ಟಿ ನೋಡಿಕೊಂಡಳು. ಬೇರೆಯವರೆಲ್ಲ ದಿನಾ ಹೀಗೇ ಏಳುತ್ತಿದ್ದರಾ? ಸಂತೋಷ ಬಂದ ಹಿಂದೆಯೇ ಕೋಪ ಬಂತು. ಕಾಯಿಲೆ ಇದ್ದಾಗ ಕೋಪ ಸಾಧಿಸುವ ಶಕ್ತಿಯೂ ಇರಲಿಲ್ಲ, ಈಗ ಇತ್ತು. ಈಗ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು ಫೋನಿನಲ್ಲಿ "ನಾನೂ ನಿನ್ನ ಸೋಮಾರಿ ಅಂದ್ಕೊಂಡಿದ್ದೆ ಅಮ್ಮ" ಅಂತ ಹೇಳಿದಾಗ, ಕೋಪ ಮಗಳ ಮೇಲೆ ಬರಲಿಲ್ಲ. ಶಾಲೆಯ ಆ ನಾಟಕವನ್ನು ಇನ್ನು ಯಾರು ಆಡಿ ತೋರಿಸುತ್ತಾರೆ?

ಡಾಕ್ಟರು ಗಾಡಿ ಹತ್ತಬಹುದು ಅಂದ ಮೇಲೆ ಮಾಲೀಕರು ಮತ್ತೆ ಕಾರಿನ ಕೀಲಿ ಕೊಟ್ಟರು. ಅದಾದ ಮೊದಲ ರಜೆಯ ದಿನ ಬ್ರೇಕಕ್ಕ ಹಳೆಯ ಆಸ್ಪತ್ರೆಗೆ ಹೋದಳು. ತಜ್ಞರು ಗುರುತು ಹಿಡಿದು, ಅವಳ ಮುಖದ ಗೆಲುವು ನೋಡಿ "ನೋಡಿ, ಅಭ್ಯಾಸ ಆಯ್ತಲ್ಲ" ಅಂದರು.

"ಆಗಲಿಲ್ಲ ಸಾರ್. ಮಾಸ್ಕ್ ಬದಲಾಯಿಸಿದ್ರು, ಗಾಳಿ ಸರಿಮಾಡಿದ್ರು. ನಾನು ಅವತ್ತೂ ಇವತ್ತೂ ಒಂದೇ. ಸಹಕರಿಸುತ್ತಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನ ತೆಗೀರಿ."

"ಈಗ ಚೆನ್ನಾಗಿದ್ದೀರಲ್ಲ, ಬಿಡಿ."

"ಬಿಡಲ್ಲ" ಅಂದಳು. ದನಿ ಏರಿಸಲಿಲ್ಲ, ಏಳಲೂ ಇಲ್ಲ. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲಲ್ಲಿ ಇಣುಕಿದರು. ಕೊನೆಗೆ ತಜ್ಞರು ಮುಖ ಗಂಟಿಕ್ಕಿಕೊಂಡು ಹಳೆಯ ಸಾಲಿನ ಕೆಳಗೆ 'ಮಾಸ್ಕ್ ಸರಿಯಿರಲಿಲ್ಲ' ಅಂತ ಬರೆದರು. ಮೇಲಿನ ಸಾಲನ್ನು ಹೊಡೆದುಹಾಕಲಿಲ್ಲ. ಕ್ಷಮಿಸಿ ಅನ್ನುವ ಮಾತಂತೂ ಇಲ್ಲವೇ ಇಲ್ಲ. ಸಮಾಧಾನವಾಗಲಿಲ್ಲ ಅವಳಿಗೆ. ಇಷ್ಟಕ್ಕೆ ಆಗಬೇಕಾಗಿಯೂ ಇರಲಿಲ್ಲ.

ಕೆಳಗಿನ ಅಂಗಡಿಯ ಮುಂದಿನ ಬೆಂಚಿನಲ್ಲಿ ಒಬ್ಬಳು ಹೆಂಗಸು, ಕಣ್ಣಡಿ ಕಪ್ಪುಗಟ್ಟಿ, ಹೊಸ ಮಷೀನಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬ್ರೇಕಕ್ಕ ಹೋಗಿ ಪಕ್ಕದಲ್ಲಿ ಕೂತಳು.

"ಮಾಸ್ಕ್ ಹಾಕಿ ನೋಡಿದ್ರೇನಮ್ಮ?"

"ಇಲ್ಲಕ್ಕ. ಮನೇಲಿ ಹಾಕ್ಕೊಳ್ಳಿ ಅಂದ್ರು."

"ಒತ್ತಡ ಎಷ್ಟು ಇಟ್ಟಿದ್ದೀವಿ ಅಂತ ಹೇಳಿದ್ರಾ?"

"ಆಟೋಮ್ಯಾಟಿಕ್ ಅಂದ್ರು."

ಬ್ರೇಕಕ್ಕ ಎದ್ದು, ಅವಳ ಪೆಟ್ಟಿಗೆಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ಬನ್ನಿ ಒಳಗೆ. ಇವತ್ತು ನಿಮ್ಮ ಮುಖ ಅಳೆಯೋವರೆಗೂ ನಾವಿಬ್ಬರೂ ಇಲ್ಲೇ ಇರ್ತೀವಿ."