ಮಜ್ಜಿಗೆ ಇರುವಷ್ಟೇ ಅತಿಥಿಗಳು

ಬಿಜಾಪುರಕ್ಕೆ ಬಂದ ಪ್ರವಾಸಿಗಳಿಗೆ ಊರು ತೋರಿಸುವವರು ಅನೇಕರಿದ್ದಾರೆ. ಬಂದವರಿಂದಲೇ ಅವರವರ ಊರಿನ ಸಂಗತಿಯನ್ನು ಕೇಳಿ ತಿಳಿದುಕೊಂಡ ಮಾರ್ಗದರ್ಶಿ ಎಂದರೆ ಬಹುಶಃ ಶ್ರೀ ಲಾಡಲೇಸಾಬ ಬಬಲೇಶ್ವರ ಅವರೊಬ್ಬರೇ. ಗೋಲಗುಮ್ಮಟದ ಮೆಟ್ಟಿಲು ಹತ್ತುತ್ತ ಇಸವಿ, ಅಳತೆಗಳನ್ನು ಹೇಳಿ ಮುಗಿಸಿದ ಮೇಲೆ ಅವರ ಪ್ರಶ್ನೆಗಳ ಸರದಿ ಆರಂಭವಾಗುತ್ತಿತ್ತು. ನಿಮ್ಮ ಮನೆಯಲ್ಲಿ ಮುಂಜಾನೆ ಮೊದಲು ಏಳುವವರು ಯಾರು? ಬೇಸಿಗೆಯಲ್ಲಿ ಹಾಲು ಒಡೆಯದಂತೆ ಏನು ಮಾಡುತ್ತೀರಿ? ಮಗು ಹಟ ಹಿಡಿದರೆ ಏನೆಂದು ರಮಿಸುತ್ತೀರಿ? ಇಪ್ಪತ್ತೆರಡು ವರ್ಷ ಹೀಗೆ ಕೇಳುತ್ತಲೇ ಕಳೆದ ಅವರು ಈ ೧೯೭೯ರ ಮಾರ್ಚಿನಲ್ಲಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಹುಟ್ಟೂರು ಬಬಲೇಶ್ವರ. ತಂದೆ ಬುಡ್ಡೇಸಾಬರು ಚಕ್ಕಡಿಯ ಗಾಲಿ ಮಾಡುವ ಬಡಿಗತನದವರು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ ಬಿಜಾಪುರಕ್ಕೆ ಬಂದ ಲಾಡಲೇಸಾಬರು ದಿನಗೂಲಿಯ ಮೇಲೆ ಪ್ರವಾಸಿ ಕಚೇರಿ ಸೇರಿ, ಬಂದವರ ಬಾಯಿಂದಲೇ ಇಂಗ್ಲಿಷ್ ಕಲಿತು ಮಾರ್ಗದರ್ಶಿಯಾದರು. ಕೆಲಸ ಮಾತ್ರ ಹಂಗಾಮಿಯಾಗಿಯೇ ಉಳಿಯಿತು. ಕಾಯಂ ಆದೇಶ ಈ ವರ್ಷ ಬಂದೀತು, ಬರುವ ವರ್ಷ ಬಂದೀತು ಎಂದು ಅವರ ಪತ್ನಿ ಇಮಾಮಬಿಯವರು ಕಾಯುತ್ತಿದ್ದರು.

೧೯೭೪ರ ಚಳಿಗಾಲದಲ್ಲಿ, ಆಲ್ಪ್ಸ್ ಪರ್ವತದ ಒಂದು ಕಣಿವೆಯಿಂದ ಬಂದ ವೆರೇನಾ ಎಂಬ ಹೆಣ್ಣುಮಗಳು ಇಬ್ರಾಹಿಂ ರೋಜಾದ ಕಲ್ಲಿನ ಕೆತ್ತನೆಯನ್ನು ನೋಡುವುದು ಬಿಟ್ಟು ಲಾಡಲೇಸಾಬರ ಹೆಗಲ ಮೇಲಿನ ಕರಿಯ ಕಂಬಳಿಯನ್ನೇ ನೋಡುತ್ತ ನಿಂತರು. ಅದನ್ನು ನೇಯ್ದವರನ್ನು ಕಾಣಬಹುದೇ ಎಂದು ಕೇಳಿದರು. ಅಂಥ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮರುದಿನವೇ ಬಸ್ಸಿನಲ್ಲಿ ತಿಕೋಟಾಕ್ಕೆ, ಅಲ್ಲಿಂದ ಚಕ್ಕಡಿಯಲ್ಲಿ ಬಿಜ್ಜರಗಿಗೆ ಪ್ರಯಾಣವಾಯಿತು.

ಅಲ್ಲಿ ಕುರುಬರ ಓಣಿಯಲ್ಲಿ ಒಂಬತ್ತು ಮನೆಗಳು. ಇಡೀ ಓಣಿಗೆ ಉಳಿದಿದ್ದು ಬೀರಣ್ಣನವರ ಒಂದೇ ಕುಣಿಮಗ್ಗ. “ಗಿರಣಿ ಕಂಬಳಿ ಬಂದಮ್ಯಾಲ ನಮ್ಮದನ್ನ ಯಾರ ಕೇಳ್ತಾರ? ಈ ವರ್ಷ ದಾಟಿದ್ರ ಮಗ್ಗ ಬಿಚ್ಚಿ ಅಟ್ಟಕ್ಕ ಹಾಕತೇನಿ” ಎಂದು ಅವರು ಹುಣಸೆಬೀಜದ ಗಂಜಿಯನ್ನು ಮಗ್ಗದ ಹಾಸುನೂಲಿಗೆ ಸವರುತ್ತ ಹೇಳಿದರು. ಅಷ್ಟರಲ್ಲಿ ವೆರೇನಾ ನೆಲಕ್ಕೆ ಕುಳಿತು, ಉಣ್ಣೆಯ ಕಸ ಆರಿಸಿ, ಕದಿರು ತಿರುಗಿಸತೊಡಗಿದ್ದರು. ಬೀರಣ್ಣನವರ ಹೆಂಡತಿ ರಾಚವ್ವ ಬಾಯಿಮೇಲೆ ಕೈಯಿಟ್ಟುಕೊಂಡರು.

“ಉಣ್ಣಿ ಹಿಡದ ಕೈ ನೋಡ್ರಿ ಅಣ್ಣಾ! ಬಣ್ಣ ಒಂದ ಬ್ಯಾರೆ, ಈಕಿ ನಮ್ಮಾಕಿನ ಅದಾಳ. ಯಾವ ಊರ ಕುರುಬರಂತ ಕೇಳ್ರಿ.”

ಲಾಡಲೇಸಾಬರು ಕೇಳಿದರು. ಆಕೆಯ ಕಣಿವೆಯಲ್ಲಿ ಹಿಮ ಬೀಳುವ ಮುನ್ನ ಎಲ್ಲ ಮನೆಯವರೂ ಕೂಡುತ್ತಾರಂತೆ. ಅಟ್ಟದಲ್ಲಿ ಒಟ್ಟಿದ ಹುಲ್ಲು ನೋಡಿ ಎಷ್ಟು ಹಸು ಇಟ್ಟುಕೊಳ್ಳಬೇಕೆಂದು ಗೊತ್ತುಮಾಡುವಂತೆಯೇ, ಆ ವರ್ಷ ಎಷ್ಟು ಪ್ರವಾಸಿಗಳಿಗೆ ಮನೆಯಲ್ಲಿ ಎಡೆ ಕೊಡಬೇಕೆಂಬುದನ್ನೂ ಮಾತಾಡಿಕೊಳ್ಳುತ್ತಾರಂತೆ. ಪಕ್ಕದ ಕಣಿವೆಯವರು ಬಂದವರನ್ನೆಲ್ಲ ಕರೆದುಕೊಂಡರು. ಈಗ ಅಲ್ಲಿ ದೊಡ್ಡ ಹೋಟೆಲುಗಳಿವೆ, ಹಸುಗಳಿಲ್ಲ, ಹಾಲು ಪೇಟೆಯಿಂದ ಬರುತ್ತದೆ.

“ಹುಲ್ಲ ನೋಡಿ ಬೀಗರನ್ನ ಕರೀತಾರಂತೇನು? ಭಾಳ ಜಿಪುಣ ಮಂದಿ ಇರಬೇಕು” ಎಂದು, ಮನೆಗೆ ಬಂದವರನ್ನೆಲ್ಲ ಬೀಗರೆಂದೇ ಕರೆಯುವ ಬೀರಣ್ಣ ನಕ್ಕರು. ಲಾಡಲೇಸಾಬರೂ ನಕ್ಕರು.

ವೆರೇನಾ ಊರಿಗೆ ಹೋಗಿ ಹತ್ತಾರು ಜನರಿಗೆ ಹೇಳಿದರು. ಎರಡನೆಯ ಚಳಿಗಾಲದಲ್ಲಿ ಹನ್ನೆರಡು ಜನ ಒಟ್ಟಿಗೆ ಬಂದರು. ಮೂರು ದಿನ ಬಿಜ್ಜರಗಿಯಲ್ಲೇ ಉಳಿದು, ಕುರಿಗಳ ಹಿಂದೆ ಅಡವಿ ತಿರುಗಿ, ಹನ್ನೊಂದು ಕಂಬಳಿಗಳಿಗೆ ಹೇಳಿಟ್ಟರು. ಮಗ್ಗ ಅಟ್ಟ ಸೇರುವುದು ತಪ್ಪಿತು. ಈ ಹಿಗ್ಗಿನಲ್ಲಿ ಲಾಡಲೇಸಾಬರು ಒಂದನ್ನು ಮರೆತರು. ಆ ಓಣಿಯಲ್ಲಿ ಒಂದು ಮನೆಗೆ ಬಂದ ಬೀಗರು ಒಂಬತ್ತೂ ಮನೆಗೆ ಬೀಗರು. ಎಲ್ಲ ಮನೆಗಳಲ್ಲೂ ಉಣ್ಣದೆ ಹೋದರೆ ಉಳಿದವರ ಮುಖ ಸಣ್ಣದಾಗುತ್ತದೆ. ಹನ್ನೆರಡು ಜನರಿಗೆ ಒಂಬತ್ತು ಮನೆಗಳ ರೊಟ್ಟಿ, ಝುಣಕ, ಗಟ್ಟಿ ಮೊಸರು. ಪ್ರವಾಸಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಲಾಡಲೇಸಾಬರು ಹೆಮ್ಮೆಯಿಂದ ನೋಡುತ್ತಿದ್ದರು.

ಮೂರನೆಯ ಮುಂಜಾನೆ ರಾಚವ್ವನ ಮೊಮ್ಮಗಳು, ನಾಲ್ಕು ವರ್ಷದ ತಾಯವ್ವ, ಲಾಡಲೇಸಾಬರ ಅಂಗಿ ಜಗ್ಗಿದಳು. “ಮುತ್ಯಾ, ಇವತ್ತೂ ಮಂದಿ ಇರ್ತಾರೇನು?”

“ಇರ್ತಾರವ್ವಾ. ಯಾಕ?”

“ಹಂಗಾರ ಇವತ್ತೂ ನಮಗ ಮಜ್ಜಿಗಿ ಇಲ್ಲ.”

ಲಾಡಲೇಸಾಬರು ರಾಚವ್ವನನ್ನು ಕೇಳಿದರು; ಆಕೆ ಮಾತು ಮರೆಸಿದರು. ಪ್ರವಾಸಿಗಳನ್ನು ಕಳಿಸಿದ ಮರುದಿನ ಇಮಾಮಬಿಯವರನ್ನು ಜೊತೆಗೆ ಕರೆದುಕೊಂಡು ಮತ್ತೆ ಹೋದರು. ಒಲೆಯ ಮುಂದೆ ಕುಳಿತು ಇಬ್ಬರು ಹೆಂಗಸರು ಮಾತಾಡಿದಾಗ ನಿಜ ಹೊರಬಿತ್ತು: ಮೂರು ದಿನ ಒಂಬತ್ತು ಮನೆಗಳ ಮಕ್ಕಳು ನುಚ್ಚನ್ನು ಉಪ್ಪು ನೀರಿನಲ್ಲಿ ಕಲಸಿಕೊಂಡು ಉಂಡಿದ್ದರು.

“ಯಾಕ ಹೇಳಲಿಲ್ಲ ತಂಗಿ?” ಎಂದರು ಲಾಡಲೇಸಾಬರು.

“ಬೀಗರ ಮುಂದ ಗಡಿಗಿ ತಳಾ ತೋರಸ್ತಾರೇನ್ರಿ ಅಣ್ಣಾ?” ರಾಚವ್ವ ಸಿಟ್ಟಿನಿಂದಲೇ ಉತ್ತರಿಸಿದರು.

ತಪ್ಪು ತಮ್ಮದೇ ಎಂದು ಲಾಡಲೇಸಾಬರು ಒಂಬತ್ತೂ ಮನೆಗಳ ಮುಂದೆ ಒಪ್ಪಿಕೊಂಡರು. ಅತಿಥಿ ಬೇಡವೆಂದರೆ ಮಗ್ಗ ನಿಲ್ಲುತ್ತದೆ. ಬಂದವರನ್ನೆಲ್ಲ ಕರೆದರೆ ಮಕ್ಕಳ ಬಟ್ಟಲು ಬರಿದಾಗುತ್ತದೆ. ವಾರಗಟ್ಟಲೆ ವಾದವಾಗಿ ಒಂದು ಕಟ್ಟಳೆ ಏರ್ಪಟ್ಟಿತು. ಒಮ್ಮೆಗೆ ನಾಲ್ವರೇ, ಮನೆಗೊಂದು ಪಾಳಿ, ಪಾಳಿಯ ಮನೆಯಲ್ಲಿ ಮಾತ್ರ ಊಟ, ಉಳಿದ ಎಂಟು ಮನೆಗಳಲ್ಲಿ ಅಂಗೈಗೆ ಒಂದು ಚಿಟಿಕೆ ಸಕ್ಕರೆ. ಯಾವ ಮನೆಯ ಎಮ್ಮೆ ಬತ್ತಿದೆಯೋ ಆ ಮನೆಯ ಪಾಳಿ ಮುಂದಕ್ಕೆ. ಇದನ್ನು ಬೀರಣ್ಣನವರಿಗೆ ಒಪ್ಪಿಸಲು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು.

೧೯೭೭ರಲ್ಲಿ ಪರೀಕ್ಷೆಯ ಗಳಿಗೆ ಬಂತು. ಮುಂಬಯಿಯ ಒಂದು ಪ್ರವಾಸ ಕಂಪನಿ ಪ್ರತಿ ರವಿವಾರ ನಲವತ್ತು ಜನರನ್ನು ಬಿಜ್ಜರಗಿಗೆ ಕಳಿಸುವುದಾಗಿ ಬರೆಯಿತು. ಕಚೇರಿಯ ಆಗಿನ ಸಾಹೇಬರು ಲಾಡಲೇಸಾಬರನ್ನು ಕರೆದು ಎರಡು ಫೈಲುಗಳನ್ನು ಮುಂದಿಟ್ಟರು. “ಇದು ಕಂಪನೀದು, ಇದು ನಿಮ್ಮ ಕಾಯಂ ಆರ್ಡರ್‌ದು. ಎರಡೂ ಕೂಡೇ ಸಹಿ ಮಾಡೂಣು. ನಲವತ್ತು ಮಂದಿ ಆಗೂದಿಲ್ಲಂದ್ರ ನಾಕು ಮಂದೀನೂ ಬ್ಯಾಡ, ಬಂದ್ ಮಾಡ್ರಿ.”

ಇಪ್ಪತ್ತು ವರ್ಷ ಕಾದ ಕಾಗದವನ್ನು ಲಾಡಲೇಸಾಬರು ಒಮ್ಮೆ ನೋಡಿದರು. “ಸಾಹೇಬ್ರ, ಸಹಿಗಿಂತ ಮೊದಲ ನೀವ ಒಂದ್ಸಲ ಬಂದು ಹೋಗ್ರಿ” ಎಂದಷ್ಟೇ ಹೇಳಿದರು.

ಸುದ್ದಿ ಕೇಳಿದ ರಾಚವ್ವ, “ಸಾಹೇಬ್ರಿಗೆ ಪಾಳಿ ಬ್ಯಾಡ, ಹಳೇ ಪದ್ಧತೀನ ಆಗ್ಲಿ” ಎಂದರು. ಸಾಹೇಬರು ಮೊದಲ ಮನೆಯಲ್ಲಿ ಎರಡು ರೊಟ್ಟಿ ಹೊಗಳುತ್ತ ಉಂಡರು. ಮೂರನೆಯ ಮನೆಯಲ್ಲಿ ಬೆಲ್ಟು ಸಡಿಲಿಸಿದರು. ಐದನೆಯದು ರಾಚವ್ವನ ಮನೆ; ಅಲ್ಲಿ ಕೈಮುಗಿದರು.

“ಇಷ್ಟಕ್ಕ ದಣದ್ರೇನ್ರಿ? ನಲವತ್ತ ಹೊಟ್ಟಿ ತರತೇನಂದ್ರಿ, ನಿಮ್ಮ ಒಂದ ಹೊಟ್ಟಿ ಸಾಕಾತೇನು?” ರಾಚವ್ವ ಮತ್ತೊಂದು ರೊಟ್ಟಿ ಹಾಕಿದರು.

“ತಾಯಿ, ಬ್ಯಾಡ. ಸಾಕ ಮಾಡ್ರಿ.”

“ನಾವೂ ಅದನ್ನ ಅನಾಕತ್ತೇವ್ರೀ. ಆದ್ರ ಮನಿಗೆ ಬಂದವರಿಗೆ ಸಾಕು ಅನ್ನೂದು ನಮಗ ಬರೂದಿಲ್ಲ. ನೀವ ಬರದ ಕೊಟ್ಟು ಹೋಗ್ರಿ.”

ಮರಳಿದ ಕೂಡಲೇ ಸಾಹೇಬರು ಕಂಪನಿಯ ಫೈಲು ತರಿಸಿದರು. ಆ ಊರಿಗೆ ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ಜನರನ್ನು ಕಳಿಸಲಾಗದೆಂದು ಕಂಪನಿಗೆ ಉತ್ತರ ಹೋಯಿತು. ಕಂಪನಿ ಬೇರೆ ದಾರಿ ನೋಡಿಕೊಂಡಿತು. ಕಾಯಂ ಆದೇಶದ ಫೈಲು ಮೇಲಿನವರ ಮೇಜಿನ ಮೇಲೆ ನಿಂತಿತು; ಆದೇಶ ನಿವೃತ್ತಿಗೆ ಐದು ತಿಂಗಳಿರುವಾಗ ಬಂತು. ತಡವಾಯಿತಲ್ಲ ಎಂದು ಮರುಗಿದವರಿಗೆ ಇಮಾಮಬಿಯವರ ಉತ್ತರ ಇಷ್ಟೇ: “ಮಕ್ಕಳ ಮಜ್ಜಿಗಿ ಕಸದು ಬಂದಿದ್ರ ನಮಗ ದಕ್ಕತಿತ್ತೇನು?”

ಇಂದು ಬಿಜ್ಜರಗಿಯಲ್ಲಿ ಮೂರು ಮಗ್ಗಗಳು ನಡೆಯುತ್ತಿವೆ. ನೆರೆಯ ಹೊನವಾಡದಿಂದಲೂ ಕೆಲವರು ಬಂದು ಪಾಳಿಯ ಕಟ್ಟಳೆಯನ್ನು ಕೇಳಿಕೊಂಡು ಹೋಗಿದ್ದಾರೆ. ತಾವು ಉಂಡರೂ ಅದು ನಾಲ್ವರ ಅಳತೆಯಲ್ಲಿ ಸೇರುತ್ತದೆಂದು ಲಾಡಲೇಸಾಬರು ಈ ಮೂರು ವರ್ಷ ಆ ಓಣಿಗೆ ಮನೆಯಿಂದ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದರೆಂಬುದು ಅನೇಕರಿಗೆ ತಿಳಿಯದು. ಓಣಿಯವರಿಗೆ ತಿಳಿದಿತ್ತು. ಏಪ್ರಿಲ್ ಮೊದಲ ಸೋಮವಾರ ರಾಚವ್ವನ ಮನೆಯ ಪಾಳಿ. ಗೊತ್ತಾಗಿರುವ ಅತಿಥಿಗಳು ಇಬ್ಬರೇ, ಲಾಡಲೇಸಾಬರು ಮತ್ತು ಇಮಾಮಬಿಯವರು. ನಾನೆಲ್ಲಿಯ ಪ್ರವಾಸಿ ಎಂದು ಲಾಡಲೇಸಾಬರು ಕೊಸರಿಕೊಂಡಾಗ ರಾಚವ್ವ ಬಿಡಲಿಲ್ಲ: “ಬುತ್ತಿ ತಂದ್ರ ಊರ ಅಗಸಿ ಬಾಗಲದಾಗ ಇಟ್ಟು ಒಳಗ ಬರ್ರಿ.”

ಶ್ರೀ ಲಾಡಲೇಸಾಬರಿಗೆ ಆಯುಷ್ಯ, ಆರೋಗ್ಯಗಳು ತುಂಬಿರಲಿ. ಕಂಡವರನ್ನು ಕೇಳುವ ಅವರ ಪ್ರಶ್ನೆಗಳು ಎಂದೂ ತೀರದಿರಲಿ. ಇನ್ನೂ ಅನೇಕ ಚಳಿಗಾಲ ಅವರು ನಾಲ್ಕು ನಾಲ್ಕು ಜನರನ್ನು ಚಕ್ಕಡಿ ಹತ್ತಿಸಿಕೊಂಡು ಹೋಗುತ್ತಿರಲಿ. ಆ ಸೋಮವಾರ ಮಾತ್ರ ಬರಿಗೈಯಲ್ಲಿ ಹೋಗಿ, ಹೊಟ್ಟೆ ತುಂಬ ಉಂಡು ಬರಲಿ.