ಸದ್ದಿಗೆ ಹದ ಹಿಡಿಯುವ ಕಿವಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೈಕಲ್ ರಿಪೇರಿ ಅಂಗಡಿಯ ಶಟರ್ ಇಳಿದೇ ಇದೆ. ಪಕ್ಕದ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಬಾಗಿಲು ತಳ್ಳಿ ಒಳಗೆ ಕಾಲಿಡುವಷ್ಟರಲ್ಲಿ, ನನಗೆ ಬೆನ್ನು ಹಾಕಿ ಕೂತ ಹೆಂಗಸು ತಿರುಗಿ ನೋಡದೆಯೇ ಕೈ ಎತ್ತಿ ತಡೆಯುತ್ತಾರೆ. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಿಲ್ಲುತ್ತೇನೆ. ಎರಡು ಸ್ಪೀಕರುಗಳಿಂದ ಹಿತ್ತಾಳೆ ತಟ್ಟೆಗೆ ಕೋಲು ತಾಗಿದ ಸದ್ದು ಬರುತ್ತದೆ, ತೆಳುವಾಗುತ್ತದೆ, ಇನ್ನೂ ತೆಳುವಾಗುತ್ತದೆ. ಅದು ನಿಂತಿತೋ ಇದೆಯೋ ಎಂದು ನನಗೆ ಅನುಮಾನ ಬರುವ ಹೊತ್ತಿಗೆ ಅವರು ಕೈ ಇಳಿಸುತ್ತಾರೆ.

"ಈಗ ಬನ್ನಿ. ಮಧ್ಯ ಮಾತಾಡಿದ್ರೆ ಅದರ ಬಾಲ ತುಂಡಾಗೋದು. ಆ ಕುರ್ಚಿ ಬೇಡ, ಕಿರುಗುಟ್ಟತ್ತೆ. ಈ ಮಣೆ ಮೇಲೆ ಕೂತ್ಕೊಳ್ಳಿ."

ಬೀದಿಯವರೆಲ್ಲ ಇವರನ್ನು ಕಿವಿಯಕ್ಕ ಎಂದೇ ಕರೆಯುತ್ತಾರೆ. ಸಂಗೀತ ತಂಡಗಳು ವೇದಿಕೆಯ ಮೇಲೆ ನುಡಿಸಿದ್ದನ್ನು ಆಲ್ಬಮ್ ಮಾಡುವ ಮುನ್ನ ಅದರ ಸದ್ದನ್ನು ಹದಗೊಳಿಸುವುದು ಇವರ ಕಸುಬು. ವೇದಿಕೆಯಲ್ಲಿ ಪ್ರತಿ ವಾದ್ಯದ ಸದ್ದೂ ಬೇರೆಬೇರೆ ಟ್ರ್ಯಾಕಿನಲ್ಲಿ ದಾಖಲಾಗಿರುತ್ತದೆ. ಯಾರು ಮುಂದೆ, ಯಾರು ಹಿಂದೆ, ಯಾರು ಎಡಕ್ಕೆ, ಯಾರ ದನಿ ಎಷ್ಟು ಏರಬೇಕು ಎಂದು ಕೂರಿಸುವುದು ಇವರು. ನಾವು ಕಣ್ಣು ಮುಚ್ಚಿ ಕೇಳುವಾಗ ವೇದಿಕೆ ಕಂಡಂತಾದರೆ ಆ ಪುಣ್ಯ ಇವರದು. ಆಲ್ಬಮ್ಮಿನ ಹಿಂಬದಿಯಲ್ಲಿ ಇವರ ಹೆಸರು ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಒಮ್ಮೆ ಅದನ್ನೂ ತಪ್ಪಾಗಿ ಅಚ್ಚು ಹಾಕಿದ್ದರಂತೆ. "ಯಾವಳೋ ಪಾಪ, ನನ್ನ ಕೆಲಸಕ್ಕೆ ಹೊಗಳಿಸಿಕೊಂಡಳು" ಎಂದು ನಗುತ್ತಾರೆ.

ಕೆಲಸವೆಲ್ಲ ಬೆಳಗಿನ ಹೊತ್ತೇ. "ಎದ್ದ ಕೂಡಲೇ ಕಿವಿ ಆಗಷ್ಟೇ ಕರೆದ ಹಾಲಿನ ಹಾಗಿರತ್ತೆ. ಕೆಳಗೆ ಸೈಕಲ್ಲಿನವನು ಸುತ್ತಿಗೆ ಎತ್ಕೊಂಡ ಅಂದ್ರೆ ಮುಗೀತು, ನೀರು ಬೆರೆಸಿದ ಹಾಗೆ." ಸುತ್ತಿಗೆ ಶುರುವಾದ ಮೇಲೆ ತಂತಿ ಒರೆಸುವುದು, ಫೋನಿಗೆ ಉತ್ತರ ಕೊಡುವುದು, ಮನೆಗೆಲಸ. ಕೋಣೆಯ ಗೋಡೆಗೆಲ್ಲ ದಪ್ಪ ಕಂಬಳಿಗಳನ್ನು ಮೊಳೆ ಹೊಡೆದು ಹೊದಿಸಿದ್ದಾರೆ. ಅಂಚು ಸೊಟ್ಟಗಿದ್ದು ಗಿರಣಿಯಲ್ಲಿ ತಿರಸ್ಕಾರವಾದ ಮಾಲು. ಸದ್ದು ಗೋಡೆಗೆ ಬಡಿದು ವಾಪಸಾಗದಿರಲು ಅವು ಬೇಕು.

ಆ ಕಂಬಳಿ ನೇಯ್ದ ಗಿರಣಿಯಲ್ಲೇ ಕಿವಿಯಕ್ಕನ ಹರೆಯ ಕಳೆದದ್ದು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಸಭಾಂಗಣದಂಥ ಶೆಡ್ಡು. ಎದುರು ನಿಂತವರು ಕೂಗಿದರೂ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಆದರೆ ತನ್ನ ಮಗ್ಗದ ಲಯ ಒಂದಿಷ್ಟು ತಪ್ಪಿದರೂ ಕೆಲಸದವರಿಗೆ ಗೊತ್ತಾಗುತ್ತಿತ್ತು. "ಅದೇನು ನನ್ನೊಬ್ಬಳ ವಿದ್ಯೆ ಅಲ್ಲ. ಅಲ್ಲಿದ್ದೋರಿಗೆಲ್ಲ ಬರೋದು. ನೂರು ಮಕ್ಕಳು ಅಳ್ತಿದ್ರೂ ತಾಯಿಗೆ ತನ್ನ ಮಗೂದು ಗೊತ್ತಾಗಲ್ವಾ, ಹಾಗೆ."

ಅವರ ತಾಯಿಯೂ ಅಲ್ಲೇ ದುಡಿದವರು. ಮಗಳು ಕೆಲಸಕ್ಕೆ ಹೊರಟಾಗಲೆಲ್ಲ ಹೊಸ್ತಿಲಲ್ಲಿ ನಿಲ್ಲಿಸಿ ಎರಡೂ ಕಿವಿಗೆ ಹತ್ತಿ ತುರುಕಿಯೇ ಕಳಿಸುತ್ತಿದ್ದರಂತೆ. ಗೆಳತಿಯರು ಗೇಲಿ ಮಾಡಿದರೂ ಹುಡುಗಿ ಹತ್ತಿ ತೆಗೆಯಲಿಲ್ಲ. "ತೆಗೆದ್ರೆ ಅಮ್ಮನಿಗೆ ಹೇಗೋ ಗೊತ್ತಾಗೋದು. ಸಂಜೆ ಮೆಲ್ಲಗೆ ಕರೆಯೋಳು. ಓ ಅನ್ನದಿದ್ರೆ ಬೆನ್ನಿಗೆ ಬೀಳೋದು."

ಅದೇ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಅವರ ಯಜಮಾನರು ಹತ್ತಿಯನ್ನು ಒಪ್ಪಲಿಲ್ಲ. ಗಂಡಸಿಗೆ ಅದೆಲ್ಲ ಯಾಕೆ ಎಂದರು. ಈಗ ಅವರ ಕಿವಿಗೆ ಹಕ್ಕಿಯ ಚಿಲಿಪಿಲಿ ಇಲ್ಲ, ಕರೆಗಂಟೆ ಇಲ್ಲ, ಮಾತಿನಲ್ಲಿ ಅರ್ಧಕ್ಕರ್ಧ ಅಕ್ಷರವಿಲ್ಲ. ದಪ್ಪ ದನಿಗಳಷ್ಟೇ ಉಳಿದಿವೆ. ಹೆಂಡತಿಗೆ ತಿಂಡಿ ತಂದುಕೊಟ್ಟು ಬಾಗಿಲ ಬಳಿ ಕೂತ ಅವರು ನನ್ನತ್ತ ಬಾಗಿ ಗುಟ್ಟು ಹೇಳುವವರಂತೆ, ಆದರೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಾರೆ: "ಇವಳು ಬೈಯೋದು ಸಣ್ಣ ದನೀಲಿ. ನನಗೆ ಒಂದೂ ಕೇಳಿಸಲ್ಲ. ಸಂಸಾರ ಸುಖವಾಗಿದೆ!"

ಗಿರಣಿ ಬಾಗಿಲು ಹಾಕಿದ ಮೇಲೆ ಕಿವಿಯಕ್ಕನಿಗೆ ಸಿಕ್ಕಿದ್ದು ಸ್ಟುಡಿಯೋ ಒಂದರಲ್ಲಿ ಗುಡಿಸಿ ಒರೆಸಿ ತಂತಿ ಸುತ್ತಿಡುವ ಕೆಲಸ. ಒಳಗಿನ ಗಾಜಿನ ಕೋಣೆಯಲ್ಲಿ ಒಂದು ಹಾಡನ್ನು ಬಿಚ್ಚಿ ಮತ್ತೆ ಕಟ್ಟುವುದನ್ನು ನೋಡಿ ಆಸೆಯಾಯಿತು. ಕಲಿಸಿಕೊಡಿ ಎಂದು ಸ್ಟುಡಿಯೋದ ಮಾಲೀಕರನ್ನು ನೇರವಾಗಿ ಕೇಳಿಬಿಟ್ಟರು. ಆ ಹಿರಿಯರು ನಗಲಿಲ್ಲ. ಒಂದು ವಾರ ಕೆಲಸ ಮುಗಿದ ಮೇಲೆ ಒಂದೇ ಹಾಡು ಕೇಳಿಸಿ, ಅದರಲ್ಲಿ ಒಂದೇ ವಾದ್ಯವನ್ನು ಹಿಂಬಾಲಿಸಲು ಹೇಳಿದರು. ಮುಂದಿನ ವಾರ ಇನ್ನೊಂದು ವಾದ್ಯ. ಹೀಗೆ ವರ್ಷಗಟ್ಟಲೆ. ಮೊದಲ ಸಲ ಸ್ವಂತವಾಗಿ ಮಿಕ್ಸ್ ಮಾಡಿದಾಗ ಕಿವಿಯಕ್ಕ ಎಲ್ಲ ವಾದ್ಯವನ್ನೂ ಜೋರಾಗಿ ಇಟ್ಟಿದ್ದರಂತೆ. ಯಾರಿಗೂ ಅನ್ಯಾಯ ಆಗಬಾರದಲ್ಲ! "ಗುರುಗಳು ಕೇಳಿ, ಮಗಳೇ, ಮನೇಲಿ ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ಕೇಳೋರು ಯಾರಮ್ಮ ಅಂದ್ರು. ಅಷ್ಟೇ ಅಂದಿದ್ದು. ನಾನು ಇವತ್ತಿಗೂ ಮರೆತಿಲ್ಲ."

ಈಗ ಕೈಯಲ್ಲಿರುವುದು ಒಂದು ಪ್ರೋಗ್ರೆಸಿವ್ ರಾಕ್ ತಂಡದ ಲೈವ್ ಆಲ್ಬಮ್. ನನಗೆ ಈ ಸಂಗೀತ ಹೊಸದು. ಒಂದೊಂದು ಹಾಡೂ ಒಂದು ಕಥೆಯಷ್ಟು ಉದ್ದ. ತಾಳ ನಡುನಡುವೆ ಬದಲಾಗುತ್ತದೆ. ಕಾಲು ಕುಣಿಸೋಣವೆಂದರೆ ನಾಲ್ಕರ ಎಣಿಕೆ ಇದ್ದದ್ದು ಯಾವಾಗಲೋ ಏಳಾಗಿ ಕಾಲು ಗಾಳಿಯಲ್ಲೇ ಉಳಿಯುತ್ತದೆ. ದಾದಿಯಾಗಿರುವ ಕಿವಿಯಕ್ಕನ ಮಗಳಿಗೂ ಇದು ಒಗ್ಗುವುದಿಲ್ಲ. "ಹಾಡು ಹಾಕಿ ಬಟ್ಟೆ ಒಗೆದು ಒಣಗಿಸಿ ಬಂದ್ರೂ ಇನ್ನೂ ಪಲ್ಲವಿಗೇ ಬಂದಿರಲ್ವಲ್ಲಮ್ಮ ಅಂತಾಳೆ. ಅವಳಂದಿದ್ದೂ ಸುಳ್ಳಲ್ಲ ಬಿಡಿ."

ತಂಡದಲ್ಲಿರುವವರು ನಾಲ್ವರು, ಎಲ್ಲರಿಗೂ ತಲೆ ನರೆತಿದೆ. ಅವರಲ್ಲಿ ಇಬ್ಬರನ್ನು ಓದುಗರು ತಿಳಿದಿರಬೇಕು. ಡ್ರಮ್ ಬಾರಿಸುವವರು ಬೇಕರಿ ನಡೆಸುತ್ತಾರೆ. ಕೀಬೋರ್ಡ್ ನುಡಿಸುವವರು ನಿವೃತ್ತ ಗಣಿತದ ಮೇಷ್ಟ್ರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯರು. ಈ ಆಲ್ಬಮ್ಮಿನ ಕಾರಣಕ್ಕೆ ಅವರ ನಡುವೆ ಮಾತು ಬಿಟ್ಟುಹೋಗಿತ್ತು.

ಆದದ್ದಿಷ್ಟು. ಕಾರ್ಯಕ್ರಮದ ದಿನ, ಅತಿ ಉದ್ದದ ಹಾಡಿನ ನಟ್ಟನಡುವೆ, ಎಲ್ಲ ವಾದ್ಯಗಳೂ ತಗ್ಗಿ ಕೀಬೋರ್ಡ್ ಒಂದೇ ಮುಖ್ಯ ರಾಗವನ್ನು ಎತ್ತಿಕೊಳ್ಳುವ ಜಾಗದಲ್ಲಿ, ಮೇಷ್ಟ್ರ ಕಾಲಿಗೆ ಅವರದೇ ತಂತಿ ತೊಡರಿತು. ಕೀಬೋರ್ಡ್ ಸತ್ತುಹೋಯಿತು. ವೇದಿಕೆಯ ಕೆಲಸಗಾರ ಕತ್ತಲಲ್ಲಿ ತಡಕಾಡಿ ತಂತಿ ಸಿಕ್ಕಿಸುವವರೆಗೆ ಮೇಷ್ಟ್ರು ಕೈ ಕಟ್ಟಿದವರಂತೆ ನಿಂತರು. ಬೇಸ್ ಗಿಟಾರಿನವರು ಹೇಗೋ ಆ ರಾಗವನ್ನು ತಮ್ಮ ದಪ್ಪ ತಂತಿಯ ಮೇಲೆ ಹಿಡಿದು ಮಾನ ಉಳಿಸಿದರು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಆ ಚಪ್ಪಾಳೆ ಕಪಾಳಕ್ಕೆ ಬಿದ್ದಂತಾಯಿತು.

ಆಲ್ಬಮ್ ಮಾಡುವಾಗ ಅಷ್ಟು ಭಾಗವನ್ನು ಈಗ ಹೊಸದಾಗಿ ನುಡಿಸಿ ಸೇರಿಸೋಣ ಎಂದರು ಮೇಷ್ಟ್ರು. ಹಾಗೆ ಮಾಡಿದರೆ ಅದು ಲೈವ್ ಹೇಗಾಗುತ್ತದೆ ಎಂದರು ಬೇಕರಿಯವರು. ಮಾತಿಗೆ ಮಾತು ಬೆಳೆಯಿತು. ಹೊಸದಾಗಿ ನುಡಿಸಲು ಬಿಡದಿದ್ದರೆ ಆಲ್ಬಮ್ ಹೊರಬರುವುದು ಬೇಡ, ತಂಡವೂ ಬೇಡ ಎಂದು ಮೇಷ್ಟ್ರು ಎದ್ದು ಹೋದರು.

"ಇಬ್ಬರೂ ನನ್ನ ಹತ್ರ ಬೇರೆಬೇರೆ ಬಂದು ದೂರು ಹೇಳೋರು. ನಾನು ಮಿಕ್ಸ್ ಮಾಡೋಳಾ, ಪಂಚಾಯ್ತಿ ಮಾಡೋಳಾ? ಆದ್ರೆ ಮೇಷ್ಟ್ರ ಸಂಕಟ ನಂಗೆ ಅರ್ಥ ಆಗೋದು. ಪರದೆ ಮೇಲೆ ಅವರ ಟ್ರ್ಯಾಕ್ ನೋಡಿದ್ರೆ ಅಲ್ಲಿ ಏರಿಳಿತ ಇಲ್ಲದ ಒಂದು ನೇರ ಗೆರೆ. ಮನುಷ್ಯ ಅಲ್ಲಿ ಇರಲೇ ಇಲ್ಲ ಅನ್ನೋ ಹಾಗೆ."

ಆ ಖಾಲಿ ಜಾಗವನ್ನು ಏನು ಮಾಡುವುದೆಂದು ತೋಚದೆ ಕಿವಿಯಕ್ಕ ಒಂದೊಂದೇ ಟ್ರ್ಯಾಕನ್ನು ಬಿಡಿಯಾಗಿ ಕೇಳುತ್ತ ಹೋದರು. ವೇದಿಕೆಯ ಯಾವ ಮೈಕೂ ತನ್ನ ಪಾಡಿಗೆ ತಾನಿರುವುದಿಲ್ಲ. "ಪ್ರತಿ ಮೈಕಿಗೂ ಪಕ್ಕದ ಮನೆ ಜಗಳ ಕೇಳ್ತಿರತ್ತೆ" ಎನ್ನುತ್ತಾರೆ. ಡ್ರಮ್ಮಿನ ಮೇಲೆ ತೂಗುಹಾಕಿದ ಎರಡು ಮೈಕುಗಳ ಟ್ರ್ಯಾಕಿಗೆ ಬಂದರು. ಆ ಭಾಗದಲ್ಲಿ ಬೇಕರಿಯವರು ಡ್ರಮ್ಮಿನ ಜೊತೆಗಿರುವ ಹಿತ್ತಾಳೆ ತಟ್ಟೆಯನ್ನು ಕೋಲಿನ ತುದಿಯಿಂದ ಮುಟ್ಟುತ್ತಿದ್ದರಷ್ಟೆ. ಆ ಮುಟ್ಟಿಗೂ ಮುಟ್ಟಿಗೂ ನಡುವೆ ಏನೋ ಇತ್ತು. ಮೊದಲು ಪ್ರೇಕ್ಷಕರ ಗುಜುಗುಜು ಅಂದುಕೊಂಡರು. ತಟ್ಟೆಯ ಚೂಪು ಸದ್ದನ್ನು ತಗ್ಗಿಸಿ ಮತ್ತೆ ಕೇಳಿದರು. ಗಂಡಸಿನ ದನಿ. ಲಲಲ, ದದದ ಎಂದು ಗಂಟಲು ಹರಿಯುವಂತೆ ಹಾಡುತ್ತಿದೆ. ಅದೇ ರಾಗ.

ಮೇಷ್ಟ್ರ ಕೀಬೋರ್ಡ್ ಇದ್ದದ್ದು ಡ್ರಮ್ಮಿನ ಪಕ್ಕದಲ್ಲಿ.

"ಮೈ ಜುಮ್ಮಂದುಬಿಡ್ತು" ಎನ್ನುತ್ತಾರೆ ಕಿವಿಯಕ್ಕ. "ಕೈ ಕೆಳಗೆ ವಾದ್ಯ ಸತ್ತುಹೋಗಿದೆ, ಎದುರಿಗೆ ಮೈಕಿಲ್ಲ. ಜನಕ್ಕೆ ಕೇಳಿಸಲ್ಲ ಅಂತ ಗೊತ್ತು. ಆದ್ರೂ ಈ ಯಪ್ಪ ತನ್ನ ಪಾಲಿನದನ್ನ ಬಾಯಲ್ಲಿ ಹಾಡ್ತಿದಾರೆ, ಗೆಳೆಯರಿಗೆ ತಾಳ ತಪ್ಪಬಾರದು ಅಂತ. ಒಂದೇ ಒಂದು ಎಣಿಕೆ ಬಿಟ್ಟಿಲ್ಲ."

ಆ ದನಿಯನ್ನು ಮೇಲೆತ್ತಲು ನಾಲ್ಕಾರು ಬೆಳಗುಗಳು ಹಿಡಿದವು. ತಟ್ಟೆ ಮಂಕಾಗಬಾರದು, ಬೇಸ್ ಗಿಟಾರಿನ ಉಪಕಾರ ಮರೆಯಾಗಬಾರದು, ದನಿ ಹೊರಗಿನಿಂದ ಅಂಟಿಸಿದಂತೆಯೂ ಕಾಣಬಾರದು. ಒಂದಿಷ್ಟು ಎತ್ತಿ, ಕೇಳಿ, ಇಳಿಸಿ, ಮತ್ತೆ ಎತ್ತಿ. ಕೊನೆಗೆ ಯಜಮಾನರನ್ನು ಅಡುಗೆಮನೆಯಿಂದ ಕರೆದು ಕೂರಿಸಿದರು. ಅವರಿಗೆ ಏನೂ ಹೇಳಲಿಲ್ಲ. ಹಾಡು ಆ ಜಾಗಕ್ಕೆ ಬಂತು. ಯಜಮಾನರು ಹುಬ್ಬೇರಿಸಿದರು: "ಯಾರದು ಹಿಂದುಗಡೆ ಕಿರುಚ್ತಿರೋದು? ಯಾರಿಗಾದ್ರೂ ಪೆಟ್ಟಾಯ್ತಾ?"

"ಅಷ್ಟು ಸಾಕಿತ್ತು" ಎಂದು ಕಿವಿಯಕ್ಕ ನಗುತ್ತಾರೆ. "ಇವರಿಗೆ ಕೇಳಿಸಿದ್ರೆ ಊರಿಗೆಲ್ಲ ಕೇಳಿಸ್ತು ಅಂತ ಲೆಕ್ಕ."

ಮೇಷ್ಟ್ರಿಗೂ ಬೇಕರಿಯವರಿಗೂ ಒಂದೇ ಬೆಳಗ್ಗೆ ಬರಹೇಳಿದರು, ಇನ್ನೊಬ್ಬರು ಬರುವ ವಿಷಯ ಇಬ್ಬರಿಗೂ ತಿಳಿಸದೆ. ಬೇಕರಿಯವರು ಒಲೆಯಿಂದ ಮೊದಲ ಸರದಿ ಇಳಿಸಿ, ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದರು. ಮೇಷ್ಟ್ರು ಆಗಲೇ ಕೂತಿದ್ದರು. ಇಬ್ಬರೂ ಗೋಡೆಯ ಕಂಬಳಿ ನೋಡತೊಡಗಿದರು. ಕಿವಿಯಕ್ಕ ಹಾಡು ಹಚ್ಚಿದರು.

ಮೇಷ್ಟ್ರಿಗೆ ತಾನು ಹಾಡಿದ್ದು ನೆನಪೇ ಇರಲಿಲ್ಲ. ಆ ದನಿ ಬಂದಾಗ ಯಾರೆಂದು ಹುಡುಕುವವರಂತೆ ಒಮ್ಮೆ ಬಾಗಿಲ ಕಡೆ ತಿರುಗಿದರು. ಆಮೇಲೆ ಗೊತ್ತಾಯಿತು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇನ್ನೊಂದ್ಸಲ ಹಾಕಮ್ಮ" ಎಂದರು.

ಇನ್ನೊಂದು ಸಲ ಕೇಳಿದ ಮೇಲೆ ಸಣ್ಣ ದನಿಯಲ್ಲಿ, "ಶ್ರುತೀನೇ ಇಲ್ವಲ್ಲಮ್ಮ" ಎಂದರು.

"ಇಲ್ಲ ಮೇಷ್ಟ್ರೇ. ತಾಳ ಮಾತ್ರ ತಪ್ಪಿಲ್ಲ."

"ಸ್ವಲ್ಪ ಸರಿ ಮಾಡೋಕಾಗತ್ತಾ?"

"ಆಗತ್ತೆ. ನಾನು ಮಾಡಲ್ಲ."

ಆಗ ಬೇಕರಿಯವರಿಗೆ ತಡೆಯಲಾಗಲಿಲ್ಲ. "ಅಲ್ಲ ಕಣೋ, ನನ್ನ ಮೈಕೊಳಗೆ ನೀನ್ಯಾಕೋ ಬಂದೆ? ನಾನು ಅಷ್ಟು ನಾಜೂಕಾಗಿ ತಟ್ಟೆ ಮುಟ್ತಿದ್ರೆ, ಪಕ್ಕದಿಂದ ಕತ್ತೆ ಥರ..." ಎಂದು ಶುರುಮಾಡಿದವರು ಮುಂದುವರಿಸಲಾರದೆ ಪೊಟ್ಟಣ ಬಿಚ್ಚಿ ಬ್ರೆಡ್ ಮುರಿದು ಗೆಳೆಯನ ಕೈಗಿಟ್ಟರು. ಮೇಷ್ಟ್ರು ತಿಂದರು. "ಉಪ್ಪು ಕಮ್ಮಿ" ಎಂದರು. ಮಾತು ಬಿಟ್ಟ ಮೇಲೆ ಗೆಳೆಯನಿಗೆ ಅವರು ಆಡಿದ ಮೊದಲ ಮಾತು ಅದು.

ಆಲ್ಬಮ್ ಹಾಗೆಯೇ ಹೊರಬರುತ್ತಿದೆ, ಖಾಲಿ ಜಾಗ ಸಮೇತ, ಮೇಷ್ಟ್ರ ಅಪಸ್ವರ ಸಮೇತ. ನನಗೂ ಆ ಭಾಗ ಕೇಳಿಸಿದರು. ಬೇಸ್ ಗಿಟಾರು ನಡುವೆ ನಡೆಯುತ್ತದೆ. ಬಲಕ್ಕೆ ತುಸು ಹಿಂದೆ, ತಟ್ಟೆಯ ಮಿನುಗಿನಾಚೆ, ಒಬ್ಬ ಮನುಷ್ಯ ಬಿಟ್ಟುಕೊಡದೆ ಹಾಡುತ್ತಿದ್ದಾನೆ. ಕೀಬೋರ್ಡ್ ಮರಳಿ ಜೀವ ಪಡೆದಾಗ ದನಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲೊಂದು ಉಸಿರು ಎಳೆದುಕೊಂಡದ್ದೂ ಕೇಳಿಸುತ್ತದೆ. ಅದನ್ನು ಅಳಿಸದೆ ಬಿಟ್ಟಿದ್ದು ಬೇಕೆಂದೇ ಎನ್ನುತ್ತಾರೆ ಕಿವಿಯಕ್ಕ.

ಕೆಳಗೆ ಶಟರ್ ಏಳುತ್ತದೆ. ಸುತ್ತಿಗೆಯ ಮೊದಲ ಪೆಟ್ಟು. ಕಿವಿಯಕ್ಕ ಯಂತ್ರಗಳನ್ನು ಆರಿಸಿ ಬಟ್ಟೆ ಹೊದಿಸುತ್ತಾರೆ. ಇಷ್ಟು ವರ್ಷದಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ತುಸು ನಾಚಿಕೊಂಡು ಹೇಳುತ್ತಾರೆ: ಇಷ್ಟೊಂದು ಕಾರ್ಯಕ್ರಮಗಳ ಸದ್ದನ್ನು ಹದ ಮಾಡಿದ ಇವರು ಪ್ರೇಕ್ಷಕರಾಗಿ ಒಂದಕ್ಕೂ ಹೋದವರಲ್ಲ. ಎಲ್ಲವೂ ಕೋಣೆಗೇ ಬರುತ್ತಿತ್ತು. ತಂಡ ಮತ್ತೆ ವೇದಿಕೆ ಹತ್ತುತ್ತಿದೆ. ಇವರು ಮೊದಲ ಸಾಲಿನಲ್ಲಿ ಕೂರಲೇಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದಾರೆ.

"ಮೊದಲನೇ ಸಾಲು ಬೇಡ ಮೇಷ್ಟ್ರೇ, ಅಲ್ಲಿ ಬರೀ ಡ್ರಮ್ಮೇ ಕೇಳೋದು, ಮಧ್ಯದಲ್ಲಿ ಎಲ್ಲಾದ್ರೂ ಎರಡು ಸೀಟ್ ಕೊಡಿ ಅಂದಿದೀನಿ. ನಮ್ಮ ಯಜಮಾನರನ್ನೂ ಕರ್ಕೊಂಡು ಹೋಗ್ತೀನಿ. ಇವರು ಕಾಲಲ್ಲಿ ತಾಳ ಹಾಕ್ತಾರೆ. ಅಲ್ಲಿ ಏಳು ನಡೀತಿದ್ರೆ ಇವರದು ನಾಲ್ಕು."

ಬಾಗಿಲ ಬಳಿಯಿಂದ ಯಜಮಾನರು "ಏನಂದೆ?" ಎನ್ನುತ್ತಾರೆ.

"ಏನಿಲ್ಲ ರೀ" ಎಂದು ಗಟ್ಟಿಯಾಗಿ ಕೂಗಿ, ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ: "ತಾಳ ಹಾಕ್ಕೊಳ್ಳಲಿ ಬಿಡಿ. ಆವತ್ತು ಸರಿ ಮಾಡೋ ಕೆಲಸಕ್ಕೆ ನಂಗೆ ರಜೆ."