ಒಂದು ಪದ ಮುಂದಿದ್ದ ಕಾರು

ಸತ್ತವರು ಬಂದು ಸಹಾಯ ಮಾಡಿದರು ಎಂದು ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಗುತ್ತಿದ್ದೆ. ಹಾಲ್ಕುರಿಕೆಯ ನಮ್ಮಜ್ಜಿ ಅಂಥ ಕಥೆ ಶುರು ಮಾಡಿದರೆ ಎದ್ದೇ ಹೋಗುತ್ತಿದ್ದವಳು. ಈಗ ನಂಬುತ್ತೇನೆ ಎಂದಲ್ಲ. ಆದರೆ ಆ ನಗು ನಿಂತಿದೆ. ಯಾಕೆಂದು ಹೇಳಿಬಿಡುತ್ತೇನೆ, ನೀವು ಬೇಕಾದರೆ ನಗಿ.

೨೦೦೮ರ ಸುಮಾರಿನ ಮಾತು. ಟೈಪಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿ ಎರಡು ಸಲ ಸ್ಪೀಡ್ ಟೆಸ್ಟಿನಲ್ಲಿ ಫೇಲಾಗಿದ್ದೆ. ಮೂರನೆಯದೇ ಕೊನೆ, ಆಮೇಲೆ ವಯಸ್ಸು ಮೀರುತ್ತಿತ್ತು. ನನ್ನ ರೋಗ ನನಗೆ ಗೊತ್ತಿತ್ತು. ನಾನು ಟೈಪಿಂಗ್ ಕಲಿತದ್ದು ತಿಪಟೂರಿನ ನಸ್ರೀನ್ ಮೇಡಂ ಹತ್ತಿರ, ಹಳೇ ಟೈಪ್‌ರೈಟರಿನಲ್ಲಿ. ಅದರಲ್ಲಿ ಸಾಲು ಮುಗಿದಾಗಲೆಲ್ಲ ಎಡಗೈ ಎತ್ತಿ ಲಿವರ್ ತಳ್ಳಿ ಮುಂದಿನ ಸಾಲಿಗೆ ಹೋಗಬೇಕು. ಪರೀಕ್ಷೆ ಕಂಪ್ಯೂಟರಿಗೆ ಬದಲಾದರೂ ನನ್ನ ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ. ಸಾಲು ಮುಗಿಯಿತೋ, ಎಡಗೈ ತಾನಾಗಿಯೇ ಮೇಲೆದ್ದು ಗಾಳಿ ತಳ್ಳಿ ಬರುತ್ತಿತ್ತು. ತಿದ್ದಲು ಮೇಡಂ ಇರಲಿಲ್ಲ. ಅವರು ತೀರಿಕೊಂಡು ವರ್ಷವಾಗಿತ್ತು.

ಟೆಸ್ಟಿಗೆ ಎರಡು ದಿನವಿದ್ದಾಗ, ಒಂದು ಮಧ್ಯಾಹ್ನ, ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತಿದ್ದೆ. ಇಂಟರ್‌ನೆಟ್ಟಿನಲ್ಲಿ ಟೈಪಿಂಗ್ ರೇಸ್ ನಡೆಯುತ್ತಿತ್ತು. ಎಲ್ಲೆಲ್ಲೋ ಕೂತವರಿಗೆ ಒಂದೇ ಪ್ಯಾರಾ ಕೊಡುತ್ತಾರೆ, ನೀವು ಟೈಪ್ ಮಾಡಿದಷ್ಟೂ ನಿಮ್ಮ ಪುಟ್ಟ ಕಾರು ಪರದೆಯ ಮೇಲೆ ಮುಂದೆ ಹೋಗುತ್ತದೆ. ದಿನವೂ ನಾಲ್ಕೈದು ಕಾರುಗಳು ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅವತ್ತು ನನಗೆ ಜೊತೆಯಾದದ್ದು ಒಂದೇ ಕಾರು, ಅದಕ್ಕೆ ಹೆಸರೂ ಇರಲಿಲ್ಲ.

ಮೊದಲ ರೇಸಿನಲ್ಲಿ ಸಾಲು ಮುಗಿದಲ್ಲಿ ನನ್ನ ಕೈ ಎದ್ದಿತು. ಆ ಕಾರೂ ಅಲ್ಲೇ ನಿಂತಿತು. ಇದೂ ನಮ್ಮ ಪೈಕಿಯೇ, ಯಾವುದೋ ಊರಿನ ಟೈಪ್‌ರೈಟರ್ ಗಿರಾಕಿ ಎಂದು ನಗು ಬಂತು. ಎರಡನೇ ರೇಸಿನಲ್ಲಿ ಅದು ಸಾಲಿನ ಕೊನೆಗೆ ನಿಲ್ಲಲಿಲ್ಲ. ಒಂದು ಪದ ದಾಟಿ ನಿಂತು ನನಗಾಗಿ ಕಾಯಿತು. ನಾನು ಹತ್ತಿರ ಬಂದೊಡನೆ ಮತ್ತೊಂದು ಪದ ಮುಂದೆ. ಅನುಮಾನ ಬಂದು ಬೇಕೆಂದೇ ಕೈ ಕಟ್ಟಿ ಕೂತೆ. ಅದೂ ನಿಂತಿತು. ನಾನು ಹೊರಟೆ, ಅದೂ ಹೊರಟಿತು.

ನಸ್ರೀನ್ ಮೇಡಂ ಪಾಠ ಹೇಳುತ್ತಿದ್ದುದೇ ಹೀಗೆ. ಹಿಂದುಳಿದವರ ಪಕ್ಕದ ಮೆಷಿನ್ನಿನಲ್ಲಿ ಕೂತು ಸರಿಯಾಗಿ ಒಂದೇ ಪದ ಮುಂದೆ ಟೈಪ್ ಮಾಡುತ್ತಿದ್ದರು. ನಾವು ನಿಂತರೆ ಅವರೂ ನಿಲ್ಲುವರು. "ಬಿಟ್ಟು ಹೋಗಲ್ಲ ಕಣೇ, ಹಿಡ್ಕೋ ಬಾ," ಎನ್ನುವರು.

ಹೆದರಿ ಎದ್ದು ಬರಬೇಕಿತ್ತು. ಬರಲಿಲ್ಲ, ನಿಜ ಹೇಳಬೇಕೆಂದರೆ ಎಷ್ಟೋ ದಿನದ ಮೇಲೆ ಧೈರ್ಯ ಬಂದಿತ್ತು. ಒಂದರ ಮೇಲೊಂದು ರೇಸ್ ಆಡಿದೆ. ಎಷ್ಟನೆಯದರಲ್ಲೋ ಎಡಗೈ ಮೇಲೇಳುವುದನ್ನು ಮರೆಯಿತು. ಕೊನೆಗೊಂದರಲ್ಲಿ ನಾನೇ ಮುಂದಾದೆ. ಆ ಕಾರು ಕೊನೆಯ ಪದದ ಈಚೆಗೆ ನಿಂತುಬಿಟ್ಟಿತು, ಗೆಲುವಿನ ಗೆರೆ ಮುಟ್ಟಲೇ ಇಲ್ಲ. ಇನ್ನೊಂದು ರೇಸಿಗೆ ಒತ್ತಿದರೆ ಬೇರೆ ಯಾರ್‍ಯಾರೋ ಬಂದರು, ಎಲ್ಲರಿಗೂ ಹೆಸರಿತ್ತು.

ಕೆಫೆಯವನನ್ನು ಕೇಳಿದೆ. "ಪ್ರೋಗ್ರಾಮೇ ಹಂಗೆ ಆಡಿಸ್ತದೆ, ಬುಡಿ ಅಕ್ಕ," ಎಂದ. ಇರಬಹುದು. ಆದರೆ ಸಾಲಿನ ಕೊನೆಗೆ ನಿಲ್ಲುವ ಚಾಳಿಯನ್ನು ಪ್ರೋಗ್ರಾಮಿಗೆ ಕಲಿಸಿದವರು ಯಾರು?

ಟೆಸ್ಟ್ ಪಾಸಾಯಿತು. ಕೆಲಸದ ಆರ್ಡರ್ ಬಂದ ದಿನ ಸಿಹಿ ತೆಗೆದುಕೊಂಡು ಮೇಡಂ ಮನೆಗೆ ಹೋದೆ. ಅವರ ಯಜಮಾನರು ಟೈಲರ್. ಹೊಲಿಯುತ್ತಿದ್ದ ಬಟ್ಟೆ ಬದಿಗಿಟ್ಟು ನನ್ನ ಕಥೆಯನ್ನೆಲ್ಲ ಕೇಳಿದರು, ನಗಲಿಲ್ಲ.

"ಅವ್ಳಿಗೆ ಕಂಪ್ಯೂಟರ್ ಮುಟ್ಟಕ್ಕೇ ಬತ್ತಿರ್ಲಿಲ್ಲ ಕಣಮ್ಮ," ಎಂದರು. ನಾನು ತಂದ ಸಿಹಿಯನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟು, "ನೀನು ಎರಡ್ನೇ ಸಲ ಫೇಲಾದಾಗ ಆಸ್ಪತ್ರೇಲಿದ್ಲು. ಎದ್ದ ಮೇಲೆ ಕಂಪ್ಯೂಟರ್ ಕಲಿತೀನಿ, ಆ ಹುಡ್ಗಿ ಕೈ ಎತ್ತೋದು ಬಿಡಿಸ್ಬೇಕು ಅಂತಿದ್ಲು," ಎಂದರು.

ಅವತ್ತು ಪರದೆಯ ಆಚೆ ಕೂತಿದ್ದವರು ಯಾರೇ ಆಗಿರಲಿ, ನಾನು ಉಣ್ಣುತ್ತಿರುವ ಅನ್ನ ಅವರು ಕೊಟ್ಟದ್ದು.